ರೈಲಿಗೆಂದು ಕಟ್ಟ ಹಾಕದ ವರ್ಷ

ಕೋಡಿಂಬಾಳ ದಾಟಿ ಸ್ವಲ್ಪ ದೂರ ಹೋದ ಮೇಲೆ ರೈಲು ನಿಂತಿತು. ಸ್ಟೇಷನ್ ಅಲ್ಲದ ಜಾಗ. ಸುಬ್ರಹ್ಮಣ್ಯದಲ್ಲಿ ಹಳೆಯ ಹರಕೆಯೊಂದು ಬಾಕಿ ಇದೆಯೆಂದು ಮಗಳು ನನ್ನನ್ನು ಹೊರಡಿಸಿದ್ದಳು. ಮಂಡಿ ನೋವಿನಿಂದಾಗಿ ಬಸ್ಸಿನ ಮೆಟ್ಟಿಲು ನನಗೆ ಆಗುವುದಿಲ್ಲ, ಹಾಗಾಗಿ ರೈಲು. ಎದುರು ಸೀಟಿನಲ್ಲಿದ್ದ ತರುಣ ಕಿಟಕಿಯಿಂದ ಹೊರಗೆ ಇಣುಕಿ ಫೋನಿನಲ್ಲಿ ಯಾರಿಗೋ ಹೇಳಿದ, "ಎಲ್ಲಿ ಅಂತ ಗೊತ್ತಿಲ್ಲ ಮಾರಾಯ. ಇಲ್ಲಿ ಎಂತ ಇಲ್ಲ. ರಬ್ಬರ್ ಮರ ಉಂಟು ಅಷ್ಟೆ."

ನಾನೂ ನೋಡಿದೆ. ಎತ್ತರದ ಮಣ್ಣಿನ ದಿಣ್ಣೆಯ ಮೇಲೆ ನಮ್ಮ ರೈಲು ನಿಂತಿತ್ತು. ಕೆಳಗೆ ಸಾಲು ಹಿಡಿದ ರಬ್ಬರ್ ಮರಗಳು, ಒಂದೊಂದಕ್ಕೂ ಹಾಲು ಹಿಡಿಯುವ ಒಂದೊಂದು ಚಿಪ್ಪು. ದಿಣ್ಣೆಯ ಬುಡದಲ್ಲಿ ಒಂದು ಮೋರಿ, ಅದರೊಳಗಿಂದ ತೆಳ್ಳಗೆ ಹರಿದು ಬರುವ ನೀರು. ಆ ನೀರು ಎಡಕ್ಕೆ ತಿರುಗುವ ಜಾಗದಲ್ಲಿ ಒಂದು ಕರಿ ಬಂಡೆ. ಬಂಡೆ ಕಂಡ ಮೇಲೆ ಗೊತ್ತಾಯಿತು, ಇದು ಪೆರ್ಲಬೈಲು. ಇಲ್ಲಿ ನಾನು ಎರಡೂವರೆ ವರ್ಷ ಮಾಸ್ತರನಾಗಿದ್ದೆ. ಇಲ್ಲಿ ಏನಿತ್ತು ಎಂದು ಆ ತರುಣನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಸುಸ್ತು. ಅಲ್ಲದೆ ಈ ಕಥೆಯನ್ನು ಯಾರಿಗೆ ಹೇಳುವಾಗಲೂ ಅರ್ಧಕ್ಕೆ ನಿಲ್ಲಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮನೆಗೆ ಬಂದು ಎರಡು ದಿನ ಮಲಗಿದ ಮೇಲೆ, ಇನ್ನು ಉಳಿದರ್ಧವನ್ನೂ ಬರೆದುಬಿಡೋಣ ಅನ್ನಿಸಿತು.

ಅರವತ್ತರ ದಶಕದ ನಡುಭಾಗ. ನನಗೆ ಇಪ್ಪತ್ತನಾಲ್ಕು ವಯಸ್ಸು. ಕಡಬಕ್ಕೆ ಆಗ ಪುತ್ತೂರೇ ತಾಲೂಕು. ಕಡಬ ಪೇಟೆ ಎಂದರೆ ಹತ್ತು ಹನ್ನೆರಡು ಅಂಗಡಿ, ಎರಡು ಚಾ ಹೋಟೆಲು, ದಿನಕ್ಕೆ ಬೆರಳೆಣಿಕೆಯ ಬಸ್ಸು. ಅಲ್ಲಿಂದ ನಡೆದು ಹೋದರೆ ಪೆರ್ಲಬೈಲು. ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಇಳಿದ ಗದ್ದೆಗಳು, ಗದ್ದೆಯ ಅಂಚಿನಲ್ಲಿ ಎಂಟು ಮನೆ, ಮೇಲಿನ ದರೆಯಲ್ಲಿ ನನ್ನ ಒಂದೇ ಕೋಣೆಯ ಶಾಲೆ. ಆರು ಮನೆ ಅರೆಭಾಷೆ ಮಾತಾಡುವ ಗೌಡರದು, ಒಂದು ತುಳುವರದು, ಒಂದು ಮೊಯ್ದು ಬ್ಯಾರಿಯದು. ಮೊಯ್ದು ಬ್ಯಾರಿಗೆ ಒಂದು ಗದ್ದೆಯೂ ಇತ್ತು, ಕಡಬದಲ್ಲಿ ಒಣಮೀನಿನ ಅಂಗಡಿಯೂ ಇತ್ತು. ಶಾಲೆಯ ಜಗಲಿಯಲ್ಲಿ ನಿಂತರೆ ಎಂಟೂ ಮನೆಯ ಒಲೆಯ ಹೊಗೆ ಕಾಣುತ್ತಿತ್ತು.

ಆ ಗದ್ದೆಗಳಲ್ಲಿ ಮಳೆಗಾಲಕ್ಕೆ ಏಣೆಲು ಬೆಳೆ, ಅದು ಕೊಯ್ದ ಮೇಲೆ ಸುಗ್ಗಿ ಬೆಳೆ. ಏಣೆಲಿಗೆ ಆಕಾಶದ ನೀರು ಸಾಕು. ಸುಗ್ಗಿಗೆ ಕಟ್ಟ ಬೇಕು. ಬೈಲಿನ ಮೇಲ್ತುದಿಯಲ್ಲಿ ಹರಿಯುವ ತೋಡಿಗೆ ಅಡ್ಡಲಾಗಿ ಕಲ್ಲು ಜೋಡಿಸಿ, ಸಂದಿಗೆ ಸೊಪ್ಪು ತುರುಕಿ, ಮೇಲೆ ಮಣ್ಣು ಮೆತ್ತಿ ನೀರು ನಿಲ್ಲಿಸುವ ಒಡ್ಡು ಅದು. ನಿಂತ ನೀರು ಕಣಿ ಎಂಬ ಸಣ್ಣ ಕಾಲುವೆಯಲ್ಲಿ ಹರಿದು ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ. ಮುಂದಿನ ಮಳೆಗಾಲದ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತದೆ, ಅದಕ್ಕೆ ಯಾರೂ ದುಃಖಪಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಎಂಟು ಮನೆಯವರೂ ಸೇರಿ ಹೊಸದು ಹಾಕುತ್ತಾರೆ. ನಾನು ಹೋದ ಮೊದಲ ವರ್ಷ ಶಾಲೆಗೆ ರಜೆ ಕೊಟ್ಟು ನಾನೂ ಒಂದು ದಿನ ಮಣ್ಣು ಹೊತ್ತಿದ್ದೆ, ಮರುದಿನ ಸೀಮೆಸುಣ್ಣ ಹಿಡಿಯಲಿಕ್ಕೂ ಕೈ ಏಳಲಿಲ್ಲ.

ಕಟ್ಟದ ಮೊದಲ ಕಲ್ಲು ಇಡುವ ಹಕ್ಕು ಆ ಬೈಲಿನಲ್ಲಿ ಯಾರ ಗದ್ದೆಗೆ ನೀರು ಎಲ್ಲರಿಗಿಂತ ಕೊನೆಗೆ ಮುಟ್ಟುತ್ತದೋ ಅವರದು. ಮೇಲಿನವರು ಇಟ್ಟರೆ ತಮ್ಮ ಗದ್ದೆ ತೋಯಿಸುವಷ್ಟಕ್ಕೆ ಕಟ್ಟ ನಿಲ್ಲಿಸಿಬಿಟ್ಟಾರು ಎಂದು ಹಿಂದಿನವರು ಮಾಡಿಟ್ಟ ಕ್ರಮ. ಕೊನೆಯ ಗದ್ದೆ ಬೆಳ್ಯಪ್ಪ ಗೌಡರದು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಕಟ್ಟ ಹಾಕುವ ದಿನವನ್ನು ಅವರು ನಿಶ್ಚಯಿಸಿದರೆ ಉಳಿದವರು ಎದುರು ಮಾತಾಡುವುದಿಲ್ಲ.

ಅವರ ಹೆಂಡತಿ ಪೊನ್ನಕ್ಕ. ಬೈಲಿನ ಬೀಜ ಇರುತ್ತಿದ್ದದ್ದು ಇವರ ಅಡಿಗೆಕೋಣೆಯ ಅಟ್ಟದಲ್ಲಿ. ಬಿತ್ತನೆಯ ಭತ್ತವನ್ನು ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಗುಂಡಗೆ ಮುಡಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿಡುವುದು ಎಲ್ಲ ಕಡೆಯೂ ಇದ್ದದ್ದೇ. ದಿನವೂ ಹೊಗೆ ತಾಗಿದರೆ ಹುಳ ಬರುವುದಿಲ್ಲ, ಮಳೆಗಾಲದ ತಂಡಿಗೆ ಬೀಜ ಸಾಯುವುದಿಲ್ಲ. ಆದರೆ ಪೆರ್ಲಬೈಲಿನಲ್ಲಿ ಎಂಟು ಮನೆಯ ಮುಡಿಗಳೂ ಪೊನ್ನಕ್ಕನ ಅಟ್ಟಕ್ಕೇ ಬರುತ್ತಿದ್ದವು. ಅವರ ಅಟ್ಟ ದೊಡ್ಡದು ಎಂಬುದು ಒಂದು ಕಾರಣ. ಅವರು ಒಲೆ ಆರಿಸುವವರಲ್ಲ ಎಂಬುದು ನಿಜವಾದ ಕಾರಣ. ಮೊಯ್ದು ಬ್ಯಾರಿಯ ಮುಡಿಯೂ ಅಲ್ಲೇ ಇತ್ತು. "ನನ್ನ ಮನೆಯಲ್ಲಿಟ್ರೆ ಮೀನಿನ ವಾಸನೆಗೆ ಬೀಜ ಓಡಿ ಹೋದೀತು" ಎಂದು ಅವನೇ ನಗುತ್ತಿದ್ದ. ಪೊನ್ನಕ್ಕ ಇದಕ್ಕೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬಿತ್ತನೆಯ ದಿನ ಎಲ್ಲ ಮನೆಯವರೂ ಅವರ ಅಂಗಳಕ್ಕೆ ಬಂದು ಮುಡಿಗೆ ಕೈಯೊಡ್ಡಬೇಕು, ಅಟ್ಟದಿಂದ ಇಳಿಸಿ ಕೊಡುವವರು ಅವರಾಗಿರಬೇಕು. ಅಷ್ಟೇ ಅವರಿಗೆ ಬೇಕಾಗಿದ್ದ ಮರ್ಯಾದೆ.

ಮರುವರ್ಷದ ಬೇಸಗೆಗೆ ರೈಲಿನವರು ಬಂದರು. ರೈಲು ಬರುತ್ತದೆ ಎಂಬ ಮಾತು ನನ್ನ ಅಜ್ಜನ ಕಾಲದಿಂದಲೂ ಪುತ್ತೂರಿನಲ್ಲಿ ಓಡಾಡುತ್ತಿತ್ತು, ರೈಲು ಮಾತ್ರ ಬಂದಿರಲಿಲ್ಲ. ಈಗ ಕೆಂಪು ಬಿಳಿ ಬಳಿದ ಕೋಲುಗಳೂ ಕಬ್ಬಿಣದ ಸರಪಳಿಯೂ ಕಡಬದವರೆಗೆ ಬಂದವು. ಸ್ಟೇಷನ್ ಎಲ್ಲಿ ಎಂಬ ಬಗ್ಗೆ ಚಾ ಹೋಟೆಲಿನಲ್ಲಿ ದಿನಾ ಜಗಳ. ಪೇಟೆಯ ನಡುವೆಯೇ ಬರುತ್ತದೆ ಎಂದು ಒಬ್ಬ, ಪೇಟೆಯನ್ನು ಬಿಟ್ಟು ಹೋಗುತ್ತದೆ ಎಂದು ಇನ್ನೊಬ್ಬ. ಕಡಬ ಇನ್ನು ದೊಡ್ಡ ಊರಾಗುತ್ತದೆ, ಮಂಗಳೂರಿನ ಮೀನು ಹಸಿಯಾಗಿಯೇ ಬರುತ್ತದೆ, ಆಮೇಲೆ ನನ್ನ ಒಣಮೀನು ಯಾರು ತಿನ್ನುತ್ತಾರೆ ಎಂದು ಮೊಯ್ದು ಬ್ಯಾರಿಗೆ ಚಿಂತೆ. ಆದರೂ ಮಂಗಳೂರಿಗೆ ಹೋದವನು ಒಂದು ಗೋಡೆ ಗಡಿಯಾರ ತಂದು ಅಂಗಡಿಯಲ್ಲಿ ನೇತುಹಾಕಿದ. "ರೈಲು ಬರುವ ಊರಿಗೆ ಗಂಟೆ ಬೇಡ್ವಾ ಮಾಷ್ಟ್ರೆ? ನಾವು ಕೋಳಿ ಕೂಗುದು ಕೇಳಿ ಸ್ಟೇಷನಿಗೆ ಹೋಗ್ಲಿಕ್ಕೆ ಆಗ್ತದಾ?" ಎಂದು ಕೇಳಿದ. ಆ ಗಡಿಯಾರಕ್ಕೆ ಕೀ ಕೊಡಲು ಅವನು ಮರೆಯುತ್ತಿದ್ದದ್ದೇ ಹೆಚ್ಚು.

ಅಳತೆಯ ತಂಡದ ಓವರ್ಸಿಯರ್ ಪಾಲಕ್ಕಾಡಿನ ಕಡೆಯ ಒಬ್ಬ ನಾಯರ್. ಅವನು ಡೇರೆ ಹಾಕಿದ್ದು ನನ್ನ ಶಾಲೆಯ ಅಂಗಳದಲ್ಲಿ. ಅವನಿಗೆ ಕನ್ನಡ ಬಾರದು, ಬೈಲಿನವರಿಗೆ ಮಲಯಾಳ ಬಾರದು. ನನ್ನ ತಾಯಿ ಕಾಸರಗೋಡಿನ ಕಡೆಯವಳಾದ್ದರಿಂದ ನನಗೆ ಎರಡೂ ಬರುತ್ತಿತ್ತು, ದುಭಾಷಿ ಪಟ್ಟ ನನಗೇ ಬಂತು. ನಿಜ ಹೇಳಬೇಕೆಂದರೆ ಮೊಯ್ದು ಬ್ಯಾರಿಯ ಮಲಯಾಳ ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ಪ್ಯಾಂಟು ಹಾಕಿದವನಿಗೆ ಮಾತಾಡಲು ಬಿಳಿ ಪಂಚೆಯ ಮಾಸ್ತರನೇ ಬೇಕಾಗಿತ್ತು, ನನಗೂ ಅದು ಬೇಕಾಗಿತ್ತು. ಸಂಜೆ ಅವನ ಡೇರೆಯಲ್ಲಿ ಕಾಫಿ. ಅವನು ನಕ್ಷೆ ಬಿಡಿಸಿ ತೋರಿಸುತ್ತಿದ್ದ, ಗೆರೆ ಇಲ್ಲಿ ಹೋಗುತ್ತದೆ, ಇಲ್ಲಿ ದಿಣ್ಣೆ, ಇಲ್ಲಿ ಮೋರಿ. ಗೆರೆ ನಮ್ಮ ಬೈಲನ್ನು ಓರೆಯಾಗಿ ಕತ್ತರಿಸಿ, ಕಟ್ಟದ ಕಣಿಯನ್ನು ತುಂಡು ಮಾಡಿ, ಬೆಳ್ಯಪ್ಪ ಗೌಡರ ಗದ್ದೆಯ ನಡುವಿನಿಂದ ಹೊರಗೆ ಹೋಗುತ್ತಿತ್ತು. ಊರಿನ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಸುಖವನ್ನು ನಾನು ಅವನು ಇದ್ದಷ್ಟು ದಿನ ಚೆನ್ನಾಗಿ ಅನುಭವಿಸಿದೆ.

ಗದ್ದೆಗಳಲ್ಲಿ ಸುಣ್ಣ ಬಳಿದ ಮರದ ಗೂಟಗಳು ಎದ್ದವು. ಯಾರೂ ಒಂದನ್ನೂ ಕೀಳಲಿಲ್ಲ. ಮಳೆ ಬಂದು ಏಣೆಲು ನಾಟಿ ಮಾಡುವಾಗ ಪ್ರತಿ ಗೂಟದ ಸುತ್ತ ಒಂದು ಮೊಳ ಜಾಗ ಬಿಟ್ಟು ನೇಜಿ ನೆಟ್ಟರು. ಪರರ ವಸ್ತು ಒಳಗೆ ಬಂದು ಕೂತಿದೆ, ನಾವು ಅದನ್ನು ಮುಟ್ಟಬಾರದು ಎಂಬ ಸಂಕೋಚ ಅವರಿಗೆ. ಇಂಥ ಜನರಿಗೆ ಒಂದು ಸುಳ್ಳು ಹೇಳುವುದು ಬಹಳ ಸುಲಭ, ಮುಂದೆ ಅದೇ ಆಯಿತು.

ಆಶ್ವೀಜದಲ್ಲಿ ಏಣೆಲು ಹಣ್ಣಾಗುತ್ತಾ ಬಂತು. ಕಣಿಯ ಹೂಳು ತೆಗೆಯುವ ಸಮಯ. ಒಂದು ದಿನ ಶಾಲೆ ಬಿಟ್ಟ ಮೇಲೆ ಬೆಳ್ಯಪ್ಪ ಗೌಡರು ಜಗಲಿಗೆ ಬಂದು ಕೂತರು. ಮನೆಯಲ್ಲಿ ಅರೆಭಾಷೆ ಮಾತಾಡುವವರು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಮಾಷ್ಟ್ರೆ, ಈ ವರ್ಷ ಕಟ್ಟ ಹಾಕುದಾ ಬೇಡ್ವಾ?"

"ಯಾಕೆ ಕೇಳ್ತೀರಿ?"

"ಅಲ್ಲ, ರೈಲಿನವರು ಮಣ್ಣು ಹಾಕ್ಲಿಕ್ಕೆ ಸುರು ಮಾಡಿದ್ರೆ ಕಣಿ ಹೋಗ್ತದೆ. ಸುಗ್ಗಿ ಅರ್ಧಕ್ಕೆ ನಿಂತ್ರೆ ಬಿತ್ತಿದ ಬೀಜವೂ ಇಲ್ಲ, ಬೆಳೆಯೂ ಇಲ್ಲ. ಎಂಟು ಮನೆಯ ಬೀಜ ಅದು. ಬಿತ್ತದೆ ಇಟ್ರೆ ಒಂದು ವರ್ಷ ಹೆಚ್ಚಿಗೆ ಕಾದೀತೋ ಏನೋ. ಅದೂ ಸಂಶಯವೇ."

ಅದು ಆ ಬೈಲಿನದ್ದೇ ಆದ ಕೆಂಪು ಭತ್ತ. ಬೇಗ ಹಣ್ಣಾಗುತ್ತದೆ, ಕೆಳಗಿನ ಜೌಗು ಗದ್ದೆಗೂ ಒಗ್ಗುತ್ತದೆ. ಸುಗ್ಗಿಗಲ್ಲದೆ ಮಳೆಗಾಲಕ್ಕೆ ಬಿತ್ತಿದರೆ ಹುಲ್ಲು ಬೆಳೆದೀತೇ ಹೊರತು ತೆನೆ ಬಾರದು. ಬೇರೆ ಊರಿನಲ್ಲಿ ಅದು ಇರಲಿಲ್ಲ. ಇದನ್ನೆಲ್ಲ ಅವರು ನಿಧಾನವಾಗಿ ವಿವರಿಸಿದರು. ಕೊನೆಗೆ, "ನೀವು ಸಂಬಳಕ್ಕೆ ಪುತ್ತೂರಿಗೆ ಹೋಗ್ತೀರಲ್ಲ, ತಾಲೂಕು ಕಚೇರಿಯಲ್ಲಿ ಒಂದು ಮಾತು ವಿಚಾರಿಸಿ ಬನ್ನಿ. ಅವರು ಹೇಳಿದ ಹಾಗೆ ಮಾಡುವ" ಎಂದರು.

ಅದೇ ವಾರ ಪುತ್ತೂರಿಗೆ ಹೋದೆ. ಸಂಬಳ ಸಿಕ್ಕಿತು. ಕಚೇರಿ ಹತ್ತಿರದಲ್ಲೇ ಇತ್ತು. ಬಿಸಿಲಿತ್ತು, ಹೊರಗೆ ಜನ ಸಾಲಾಗಿ ನಿಂತಿದ್ದರು, ನನಗೆ ಹಸಿವಾಗಿತ್ತು. ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆ. ಅಲ್ಲಿ ಟ್ರೈನಿಂಗ್ ಶಾಲೆಯ ಗೆಳೆಯನೊಬ್ಬ ಸಿಕ್ಕಿದ, ಹರಟೆಗೆ ಕೂತೆವು. ಆಮೇಲೆ ಕಡಬದ ಬಸ್ಸಿಗೆ ಹೊತ್ತಾಯಿತು. ಬಸ್ಸಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ, ಕೇಳುವುದೇನಿದೆ, ನಾಯರ್ ಹೇಳಿದ್ದಾನಲ್ಲ. ಮಕರ ಸಂಕ್ರಾಂತಿಗೆ ಮುಂಚೆ ಇಲ್ಲಿ ಮಣ್ಣಿನ ಕೆಲಸ ಶುರುವಾಗುತ್ತದೆ ಎಂದು ಅವನು ಡೇರೆಯಲ್ಲಿ ಎರಡು ಮೂರು ಸಲ ಹೇಳಿದ್ದ.

ಮರುದಿನ ಬೆಳ್ಯಪ್ಪ ಗೌಡರು ಮತ್ತೆ ಬಂದರು, ಮೊಯ್ದು ಬ್ಯಾರಿಯೂ ಜೊತೆಗಿದ್ದ.

"ಪುತ್ತೂರಲ್ಲಿ ವಿಚಾರಿಸಿದ್ರಾ?"

"ಹೂಂ" ಎಂದೆ.

"ಎಂತ ಹೇಳಿದ್ರು?"

"ಸಂಕ್ರಾಂತಿಗೆ ಮೊದಲು ಕೆಲಸ ಸುರು ಆಗ್ತದಂತೆ. ಈ ವರ್ಷ ಕಟ್ಟ ಹಾಕ್ಬೇಡಿ. ಬೀಜ ಹಾಳಾಗ್ತದೆ."

ಗೌಡರು ಮೇಲಕ್ಕೆದ್ದು ಪಂಚೆ ಕೊಡವಿಕೊಂಡರು. "ಆಯ್ತು. ನೀವು ಕೇಳಿ ಬಂದದ್ದು ಒಳ್ಳೆದಾಯ್ತು" ಎಂದರು. ಮೊಯ್ದು ಬ್ಯಾರಿ ಒಮ್ಮೆ ನನ್ನ ಮುಖ ನೋಡಿ, ಗೌಡರ ಹಿಂದೆ ಇಳಿದುಹೋದ.

ಕಟ್ಟ ಹಾಕಲಿಲ್ಲ. ಸುಗ್ಗಿ ಬಿತ್ತಲಿಲ್ಲ. ದೀಪಾವಳಿ ಕಳೆಯಿತು, ಏಣೆಲಿನ ಕೊಯ್ಲು ಮುಗಿಯಿತು. ಬೇರೆ ವರ್ಷಗಳಲ್ಲಿ ಆ ಹೊತ್ತಿಗೆ ಗದ್ದೆಗಳಲ್ಲಿ ನೀರು ಮಿನುಗುತ್ತಿತ್ತು, ಹೆಂಗಸರ ಮಾತು ಶಾಲೆಯವರೆಗೆ ಕೇಳುತ್ತಿತ್ತು. ಈ ವರ್ಷ ಕೊಯ್ದ ಕೂಳೆ ಬಣ್ಣಗೆಟ್ಟು ನಿಂತಿತು, ದನಗಳನ್ನು ಗದ್ದೆಗೆ ಬಿಟ್ಟರು. ತೋಡಿನ ನೀರು ತಡೆಯುವವರಿಲ್ಲದೆ ಕುಮಾರಧಾರೆಯ ಕಡೆಗೆ ಹರಿದುಹೋಯಿತು. ಧನುರ್ಮಾಸದ ಚಳಿಯಲ್ಲಿ ಗದ್ದೆ ಬಿರುಕು ಬಿಡುವುದನ್ನು ನಾನು ಮೊದಲ ಬಾರಿಗೆ ನೋಡಿದೆ. ಸಂಕ್ರಾಂತಿ ಬಂತು. ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ಘಾಟಿಯ ಕಡೆ ಕೆಲಸ ಹೆಚ್ಚಿದೆ, ಮೊದಲು ಅದಂತೆ ಎಂದು ಹೇಳಿ ನಾಯರ್ ಡೇರೆ ಬಿಚ್ಚಿದ. ನನಗೆ ಒಂದು ಖಾಲಿ ಕಾಫಿ ಡಬ್ಬ ಕೊಟ್ಟು, "ಮತ್ತೆ ನೋಡುವ ಮಾಷೇ" ಎಂದು ಹೊರಟುಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಗೊತ್ತಿದ್ದಷ್ಟು ಅವನು ಹೇಳಿದ್ದ, ಕಚೇರಿಯಲ್ಲಿ ವಿಚಾರಿಸಿದ್ದೇನೆಂದು ಹೇಳಿದವನು ಅವನಲ್ಲ.

ಅದು ಎಲ್ಲ ಕಡೆ ಅಕ್ಕಿಗೆ ತತ್ವಾರದ ಕಾಲ. ರೇಷನ್ನಿನಲ್ಲಿ ಗೋಧಿ ಕೊಡುತ್ತಿದ್ದರು, ಅದನ್ನು ಏನು ಮಾಡಿ ತಿನ್ನುವುದೆಂದು ನಮ್ಮ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಸುಗ್ಗಿಯ ಭತ್ತ ಮನೆಗೆ ಬಾರದ್ದರಿಂದ ಬೇಸಗೆಯ ಕೊನೆಗೆ ಪೆರ್ಲಬೈಲಿನಲ್ಲಿ ಗಂಜಿ ತೆಳ್ಳಗಾಯಿತು. ಹಲಸಿನಕಾಯಿ ಬೇಯಿಸಿ ತಿಂದರು. ಗುಡ್ಡದ ಈಂದಿನ ಮರ ಕಡಿದು, ತಿರುಳು ಕುಟ್ಟಿ, ಹಿಟ್ಟು ಸೋಸಿ ಅಂಬಲಿ ಮಾಡಿದರು. ಆಮೇಲೆ ಒಬ್ಬೊಬ್ಬರಾಗಿ ಪೊನ್ನಕ್ಕನ ಅಂಗಳಕ್ಕೆ ಬಂದು ತಮ್ಮ ಸುಗ್ಗಿ ಮುಡಿ ಇಳಿಸಿಕೊಂಡು ಹೋದರು. ಬಿತ್ತುವುದಕ್ಕಲ್ಲ. ಬೀಜ ಕುಟ್ಟಿ ಉಣ್ಣುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಮುಡಿ ಕೇಳುವಾಗ ಯಾರೂ ಪೊನ್ನಕ್ಕನ ಮುಖ ನೋಡುತ್ತಿರಲಿಲ್ಲವಂತೆ. ಮೊಯ್ದು ಬ್ಯಾರಿಯೂ ತನ್ನದನ್ನು ಒಯ್ದ. ಮಳೆ ಹಿಡಿಯುವಾಗ ಅಟ್ಟದಲ್ಲಿ ಸುಗ್ಗಿಯ ಬೀಜವೆಂದು ಉಳಿದದ್ದು ಬೆಳ್ಯಪ್ಪ ಗೌಡರ ಎರಡು ಮುಡಿ. ಇಡೀ ಬೈಲಿಗೆ ಅಷ್ಟೇ. ಅವು ಮೊಳೆತರೆ ಹಂಚಿಕೊಂಡು ಬಿತ್ತಿ, ಒಂದೆರಡು ವರ್ಷದಲ್ಲಿ ಮತ್ತೆ ಎಂಟು ಮನೆಯ ಬೀಜ ಮಾಡಿಕೊಳ್ಳಬಹುದಿತ್ತು.

ಆ ಮಳೆಗಾಲ ಪೊನ್ನಕ್ಕ ಆ ಎರಡು ಮುಡಿಗೆ ಹೊಗೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಟಿ ತಿಂಗಳು, ವಾರಗಟ್ಟಲೆ ಬಿಡದ ಮಳೆ. ಶಾಲೆಗೆ ಮಕ್ಕಳು ಬರುತ್ತಿರಲಿಲ್ಲ. ನನ್ನ ಕೋಣೆಯ ಬೆಂಕಿಪೆಟ್ಟಿಗೆ ತಂಡಿ ಹಿಡಿದಿದ್ದರಿಂದ ಕೆಂಡ ಕೇಳಲು ಅವರ ಮನೆಗೆ ಹೋದೆ. ಮಧ್ಯಾಹ್ನ. ಒಲೆಯ ಮೇಲೆ ಪಾತ್ರೆ ಇರಲಿಲ್ಲ, ಆದರೂ ಬೆಂಕಿ ಇತ್ತು. ಪೊನ್ನಕ್ಕ ಒದ್ದೆ ಸೌದೆಗೆ ತೆಂಗಿನ ಸಿಪ್ಪೆ ಒತ್ತಿ ಊದುತ್ತಿದ್ದರು. ಕಣ್ಣು ಕೆಂಪಗೆ ಊದಿಕೊಂಡಿತ್ತು. ಕೆಮ್ಮು ಬಂದಾಗ ಊದುವ ಕೊಳವೆ ಕೆಳಗಿಟ್ಟು ಕೆಮ್ಮಿ, ಮತ್ತೆ ತೆಗೆದುಕೊಳ್ಳುತ್ತಿದ್ದರು.

"ಎಂತ ಬೇಯಿಸುದು ಪೊನ್ನಕ್ಕ?"

"ಬೇಯಿಸ್ಲಿಕ್ಕೆ ಎಂತ ಉಂಟು ಮಾಷ್ಟ್ರೆ. ಮೇಲಿನವಕ್ಕೆ ಹೊಗೆ."

"ದಿನಾ ಹೀಗಾ?"

"ಎರಡು ಹೊತ್ತು. ಮೊನ್ನೆ ಜ್ವರ ಬಂತು. ಗೌಡ್ರು ಬೇಡ ಅಂದ್ರು. ನಾನು ಒಲೆಯ ಎದುರೇ ಚಾಪೆ ಹಾಕಿ ಮಲಗಿದೆ. ಬೆಂಕಿ ಆರುದು ಬೇಡ ಅಂತ."

ನಾನು ಕೆಂಡ ಹಿಡಿದುಕೊಂಡು ಮಳೆಯಲ್ಲಿ ಶಾಲೆಗೆ ಬಂದೆ. ಅವತ್ತೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅನ್ನಿಸಿತು, ನಾನು ಪುತ್ತೂರಿನಲ್ಲಿ ಯಾರನ್ನೂ ಕೇಳಿರಲಿಲ್ಲ ಎಂದು. ಹೇಳಿದ್ದರೆ ಅವರು ನನ್ನನ್ನು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೀಜ ಮೊಳೆತರೆ ಆ ಮಾತೇ ಬೇಡವಲ್ಲ ಎಂದು ತಡೆದೆ. ಆ ಮಳೆಗಾಲವಿಡೀ ನಾನು ಆ ಎರಡು ಮುಡಿಯ ಮೇಲೆ ಭಾರ ಹಾಕಿಕೊಂಡೇ ಇದ್ದೆ.

ಮತ್ತೆ ಆಶ್ವೀಜ ಬಂತು. ರೈಲಿನವರ ಸುದ್ದಿಯಿಲ್ಲ. ಈ ಸಲ ಕಟ್ಟ ಹಾಕುವುದೆಂದು ಬೆಳ್ಯಪ್ಪ ಗೌಡರು ದಿನ ನಿಶ್ಚಯಿಸಿದರು. ಒಂದು ವರ್ಷ ಮುಟ್ಟದ ಕಣಿ ಪೂರ್ತಿ ಮುಚ್ಚಿಹೋಗಿತ್ತು, ಎಂಟು ಮನೆಯವರು ಸೇರಿ ನಾಲ್ಕು ದಿನ ಹೂಳು ತೆಗೆದರು. ಹೊಟ್ಟೆಗೆ ಸರಿಯಾಗಿ ಇಲ್ಲದ ಜನ, ನಡು ನಡುವೆ ಹಾರೆ ಊರಿ ಸುಮ್ಮನೆ ನಿಲ್ಲುತ್ತಿದ್ದರು. ಆದರೂ ಕೆಲಸ ನಡೆಯಿತು. ಐದನೆಯ ದಿನ ಪೊನ್ನಕ್ಕ ಅಟ್ಟ ಹತ್ತಿ ಮುಡಿ ಇಳಿಸಿದರು. ಹೊರಗಿನ ಹುಲ್ಲು ಮಸಿಯಿಂದ ಕರ್ರಗೆ ಹೊಳೆಯುತ್ತಿತ್ತು. ಬಿಚ್ಚಿದರೆ ಭತ್ತ ನೋಡಲು ಚೆನ್ನಾಗಿಯೇ ಇತ್ತು, ಒಂದು ಹುಳವೂ ಇರಲಿಲ್ಲ. ಬುಟ್ಟಿಗೆ ತುಂಬಿ ತೋಡಿನಲ್ಲಿ ನೆನೆಸಿ, ನೀರು ಬಸಿದು, ಬಾಳೆಲೆ ಮುಚ್ಚಿ, ಮೇಲೆ ಕಲ್ಲು ಹೇರಿ ಇಟ್ಟರು. ಮೂರನೆಯ ಬೆಳಗ್ಗೆ ಮೊಳಕೆ ಬಿಳಿಯಾಗಿ ಎದ್ದಿರಬೇಕು.

ಆ ಬೆಳಗ್ಗೆ ಎಲ್ಲ ಮನೆಯವರೂ ಬೆಳ್ಯಪ್ಪ ಗೌಡರ ಅಂಗಳದಲ್ಲಿದ್ದರು. ನಾನೂ ಹೋದೆ. ಗೌಡರು ಕಲ್ಲು ಇಳಿಸಿ, ಎಲೆ ಸರಿಸಿದರು. ಮೇಲಿನ ಪದರ ತೇವದಿಂದ ಮಿನುಗುತ್ತಿತ್ತು, ಮೊಳಕೆ ಇರಲಿಲ್ಲ. ಕೈ ಒಳಗೆ ತೂರಿಸಿ ಅಡಿಯಿಂದ ಒಂದು ಹಿಡಿ ತೆಗೆದರು. ಹುಳಿ ವಾಸನೆ ಅಂಗಳಕ್ಕೆಲ್ಲ ಹಬ್ಬಿತು. ಹಿಡಿಯಲ್ಲಿ ನಾಲ್ಕೈದು ಕಾಳಿನ ತುದಿಯಲ್ಲಿ ಮಾತ್ರ ಸಣ್ಣಗೆ ಬಿಳಿ ಇತ್ತು. ಎರಡನೆಯ ಬುಟ್ಟಿಯೂ ಹಾಗೆಯೇ. ಒಬ್ಬ ಮುದುಕಿ ಬಂದು ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಹಿಟ್ಟಿನ ನೀರು ಬಂದದ್ದನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಹೋದಳು.

ಮೊಯ್ದು ಬ್ಯಾರಿ ಹೇಳಿದ, "ಹಳೆ ಬೀಜ ಅಲ್ವ. ಹೋದ ವರ್ಷವೇ ಬಿತ್ತಬೇಕಿತ್ತು. ಕಟ್ಟ ಹಾಕಿದ್ರೆ ಆಗ್ತಿತ್ತು. ರೈಲು ಇನ್ನೂ ಬರ್ಲಿಲ್ಲ." ಹೇಳಿ ಅವನು ನನ್ನ ಕಡೆ ನೋಡಿದ. ಅವನು ನೋಡಿದನೆಂದು ಉಳಿದವರೂ ನೋಡಿದರು. ಅಷ್ಟೂ ಕಣ್ಣುಗಳಲ್ಲಿ ಆರೋಪವೇನೂ ಇರಲಿಲ್ಲ, ಮಾಸ್ತರು ಏನಾದರೂ ಹೇಳುತ್ತಾರೋ ಎಂದು ಕಾಯುತ್ತಿದ್ದರು, ಅಷ್ಟೆ. ನಾನು ಬುಟ್ಟಿಯ ಕಡೆ ನೋಡಿದೆ.

ಆಗ ಬೆಳ್ಯಪ್ಪ ಗೌಡರು ಕೈಯಲ್ಲಿದ್ದ ಕಾಳನ್ನು ಬುಟ್ಟಿಗೆ ಹಾಕಿ, ಎದ್ದು ನಿಂತು, ತಮ್ಮವರಿಗೆ ಅರೆಭಾಷೆಯಲ್ಲಿ ಹೇಳಿದರು, "ಮಾಷ್ಟ್ರ ಮಾತಿನ ತಪ್ಪಲ್ಲ. ನಮ್ಮ ಅಟ್ಟಕ್ಕೆ ಹೊಗೆ ಸಾಕಾತ್ಲೆ." ಹೊಗೆ ಸಾಕಾಗಲಿಲ್ಲ ಎಂದು. ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೂ ಹೇಳಿದರು, "ಅವರು ಪುತ್ತೂರಿಗೆ ಹೋಗಿ ಕೇಳಿ ಬಂದದ್ದು. ನಮ್ಮ ಒಳ್ಳೇದಕ್ಕೇ ಹೇಳಿದ್ದು. ಅವರನ್ನು ಯಾರೂ ಎಂತದೂ ಹೇಳುದು ಬೇಡ."

ನನ್ನನ್ನು ಉಳಿಸಲು ಅವರು ಹಾಗೆ ಹೇಳಿದರು. ಊರಿನ ಮಕ್ಕಳಿಗೆ ನಾಲ್ಕಕ್ಷರ ಕಲಿಸುವವನು, ಕಾಗದ ಓದಿ ಹೇಳುವವನು, ಅವನ ಮೇಲೆ ಊರಿಗೆ ನಂಬಿಕೆ ಹೋಗಬಾರದು ಎಂದು. ಅವರಿಗೆ ತಾವು ದೊಡ್ಡತನ ಮಾಡುತ್ತಿದ್ದೇವೆ ಎಂಬ ಭಾವನೆಯೂ ಇರಲಿಲ್ಲ. ತಪ್ಪನ್ನು ತಮ್ಮ ಮನೆಯೊಳಗೆ ಎಳೆದುಕೊಂಡರು. ಆದರೆ ಆ ಮನೆಯಲ್ಲಿ ಹೊಗೆ ಹಾಕುವವರು ಯಾರೆಂದು ಅವರು ಯೋಚಿಸಲಿಲ್ಲ. ಪೊನ್ನಕ್ಕ ಅಡಿಗೆಕೋಣೆಯ ಬಾಗಿಲಲ್ಲಿ ನಿಂತಿದ್ದರು. ಗಂಡನ ಬೆನ್ನನ್ನು ಒಂದು ಕ್ಷಣ ನೋಡಿ, ಒಳಗೆ ಹೋದರು. ಜನ ಒಬ್ಬೊಬ್ಬರಾಗಿ ಅಂಗಳ ಇಳಿದರು. ನಾನು ಇಳಿದದ್ದು ಎಲ್ಲರಿಗಿಂತ ಮೊದಲು.

ಬೀಜವಿಲ್ಲದ ಮೇಲೆ ಕಟ್ಟ ಯಾಕೆ? ನಿಶ್ಚಯಿಸಿದ ದಿನ ತೋಡಿನ ಹತ್ತಿರ ಯಾರೂ ಹೋಗಲಿಲ್ಲ. ಸರಕಾರದ ಹೊಸ ತಳಿ ತಂದು ಬಿತ್ತಿ ಎಂದು ಯಾರೋ ಹೇಳಿದರು, ಆ ವರ್ಷ ಅದೂ ಸಿಗಲಿಲ್ಲ. ಅಲ್ಲಿಂದ ಮುಂದೆ ಪೆರ್ಲಬೈಲಿನಲ್ಲಿ ಕಟ್ಟ ಹಾಕಲೇ ಇಲ್ಲವೆಂದು ಬಹಳ ಕಾಲದ ಮೇಲೆ ಕಡಬದಲ್ಲಿ ಸಿಕ್ಕಿದ ಒಬ್ಬರು ಹೇಳಿದರು. ರೈಲಿನ ಮಣ್ಣು ಬಿದ್ದದ್ದೂ ಅದೆಷ್ಟೋ ವರ್ಷದ ಮೇಲೆಯೇ. ಅಷ್ಟರಲ್ಲಿ ಕೆಳಗಿನ ಗದ್ದೆಗಳಿಗೆ ಹುಲ್ಲು ಹತ್ತಿ, ಕೆಲವರು ಮಾರಿ ಹೋಗಿದ್ದರು. ಸ್ಟೇಷನ್ ಪೇಟೆಯನ್ನು ಬಿಟ್ಟು ದೂರಕ್ಕೆ ಹೋಯಿತು, ಕಡಬ ಬಸ್ಸಿನ ಊರಾಗಿಯೇ ಬೆಳೆಯಿತು. ಊರಿನ ಕಥೆ ಬರೆಯುವವರು ಇದನ್ನು ರೈಲು ನುಂಗಿದ ಬೈಲು ಎಂದು ಬರೆಯಬಹುದು, ರೈಲು ಬರುವಾಗ ಅಲ್ಲಿ ನುಂಗಲು ಹೆಚ್ಚೇನೂ ಉಳಿದಿರಲಿಲ್ಲ.

ನಾನು ನೋಡಿದ್ದು ಆ ವರ್ಷದ ಕಾರ್ತಿಕದವರೆಗೆ. ಏಣೆಲು ಕೊಯ್ದು, ಬಡಿದು, ಒಣಗಿಸಿ, ಮುಂದಿನ ಮಳೆಗಾಲದ ಬೀಜವನ್ನು ಮುಡಿ ಕಟ್ಟಿದರು. ಬೇರೆ ವರ್ಷವಾಗಿದ್ದರೆ ಆ ಮುಡಿಗಳನ್ನು ಹೊತ್ತುಕೊಂಡು ಎಲ್ಲರೂ ಬೆಳ್ಯಪ್ಪ ಗೌಡರ ಅಂಗಳಕ್ಕೆ ಇಳಿಯುತ್ತಿದ್ದರು. ಆ ವರ್ಷ ಯಾರೂ ಇಳಿಯಲಿಲ್ಲ. ಜಗಳವಿಲ್ಲ, ಮಾತಿಲ್ಲ. ತಮ್ಮ ತಮ್ಮ ಅಟ್ಟ ಗುಡಿಸಿ, ತಮ್ಮ ತಮ್ಮ ಒಲೆಯ ಮೇಲೆ ಇಟ್ಟುಕೊಂಡರು. ಒಬ್ಬರ ಗದ್ದೆಯಿಂದ ಮನೆಗೆ ಹೋಗುವ ದಾರಿ ಪೊನ್ನಕ್ಕನ ಅಂಗಳದ ಅಂಚಿನಲ್ಲೇ ಇತ್ತು. ಅವರು ಮುಡಿಯನ್ನು ತಲೆಯ ಮೇಲಿಟ್ಟುಕೊಂಡು ಆ ದಾರಿ ಬಿಟ್ಟು, ಗದ್ದೆಯ ಬದುವಿನ, ಹುಣಿಯ ಮೇಲೆ ಸುತ್ತು ಹಾಕಿ ಹೋದದ್ದನ್ನು ನಾನು ಶಾಲೆಯ ಜಗಲಿಯಿಂದ ನೋಡಿದೆ. ಪೊನ್ನಕ್ಕನೂ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

ಆಮೇಲೆ ಕೆಲವೇ ದಿನಗಳಲ್ಲಿ ನನಗೆ ಇಚಿಲಂಪಾಡಿಯ ಕಡೆಗೆ ವರ್ಗವಾಯಿತು. ನಾನೇ ಕೇಳಿ ಮಾಡಿಸಿಕೊಂಡದ್ದು. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋಗಿದ್ದಾಗ, ಪೊನ್ನಕ್ಕ ಶಾಲೆಗೆ ಬಂದರು. ಹಿಂದೆಂದೂ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಜಗಲಿಯಲ್ಲಿ ಮೊಯ್ದು ಬ್ಯಾರಿಯೂ ಇನ್ನು ಮೂರು ಮನೆಯವರೂ ಕೂತಿದ್ದರು. ಹೋಗುವ ಮೊದಲು ರೇಷನ್ನಿನ ಅರ್ಜಿ ಬರೆದುಕೊಡಿ ಎಂದು ಕೇಳಲು ಬಂದಿದ್ದರು. ಪೊನ್ನಕ್ಕ ಅವರನ್ನು ದಾಟಿ ಒಳಗೆ ಬಂದು, ನನ್ನ ಮೇಜಿನ ಎದುರು ನಿಂತರು. ಕೂರಿ ಎಂದೆ, ಕೂರಲಿಲ್ಲ.

"ನನ್ನ ಒಲೆ ಒಂದು ದಿನವೂ ಆರ್ಲಿಲ್ಲ ಮಾಷ್ಟ್ರೆ" ಎಂದರು. "ನೀವು ನೋಡಿದ್ದೀರಿ. ಬೇರೆ ಯಾರೂ ನೋಡ್ಲಿಲ್ಲ."

ಅವರು ನನ್ನಿಂದ ಬೇರೇನನ್ನೂ ಕೇಳಲಿಲ್ಲ. ಹೊರಗೆ ಜಗಲಿಯಲ್ಲಿ ಮಾತು ನಿಂತಿತ್ತು. ನಾಲ್ಕು ಹೆಜ್ಜೆ ನಡೆದು ಬಾಗಿಲಿಗೆ ಹೋಗಿದ್ದರೆ ಸಾಕಿತ್ತು, ಅಥವಾ ಕೂತಲ್ಲಿಂದಲೇ ಪಾಠ ಹೇಳುವ ಸ್ವರದಲ್ಲಿ ಹೇಳಿದ್ದರೂ ಸಾಕಿತ್ತು.

"ನನಗೆ ಗೊತ್ತುಂಟು ಪೊನ್ನಕ್ಕ" ಎಂದೆ, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.